ಮನೆತನ ಮೊದಲು, ಕತ್ತಿ ಆಮೇಲೆ: ಮಾರೋವಿಂಡ್‌ನಲ್ಲಿ ಪಾತ್ರ ಕಟ್ಟುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಆಲ್ಡ್‌ರೂನ್ ಎಂಬ ಊರಿನಲ್ಲಿ ನನಗೊಮ್ಮೆ ಬಡ್ತಿ ಸಿಗಲಿಲ್ಲ. ಆ ಊರು ಇರುವುದು ‘ಮಾರೋವಿಂಡ್’ ಎಂಬ ಗೇಮ್‌ನೊಳಗೆ. ನಾನು ಅಲ್ಲಿ ರೆಡೊರಾನ್ ಎಂಬ ಮನೆತನಕ್ಕೆ ಸೇರಿದ್ದೆ. ಹೇಳಿದ ಕೆಲಸವನ್ನೆಲ್ಲ ಮಾಡಿದ್ದೆ. ಹೋಗು ಅಂದ ಕಡೆ ಹೋಗಿದ್ದೆ, ಕಾಯಿ ಅಂದವರನ್ನು ಕಾಯ್ದಿದ್ದೆ. ಆದರೂ ಮುಂದಿನ ಪದವಿ ಕೇಳಿದಾಗ, ನೀನು ಇನ್ನೂ ತಯಾರಾಗಿಲ್ಲ ಎಂಬ ಉತ್ತರ ಬಂತು. ನನ್ನ ಪಾತ್ರ ಚೂರಿ ಹಿಡಿಯುತ್ತಿದ್ದಳು, ಹಗುರ ಕವಚ ತೊಡುತ್ತಿದ್ದಳು, ಬೀಗ ತೆಗೆಯುವುದರಲ್ಲಿ ಚೆನ್ನಾಗಿ ಪಳಗಿದ್ದಳು. ರೆಡೊರಾನ್ ಮನೆತನಕ್ಕೆ ಈ ಮೂರರಲ್ಲಿ ಒಂದೂ ಬೇಡ.

ಅವತ್ತು ಬೇಜಾರಾಯಿತು, ನಿಜ. ಆದರೆ ಈ ಗೇಮ್ ನನಗೆ ಅರ್ಥವಾಗಲು ಶುರುವಾಗಿದ್ದು ಆ ಒಂದು ‘ಇಲ್ಲ’ದಿಂದ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ ಇದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಮಾರೋವಿಂಡ್ ಬಂದದ್ದು 2002ರಲ್ಲಿ. ಮಾಡಿದವರು ಬೆಥೆಸ್ಡಾ. ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ ಇದು ಮೂರನೆಯದು. 1994ರಲ್ಲಿ ಅರೀನಾ, 1996ರಲ್ಲಿ ಡ್ಯಾಗರ್‌ಫಾಲ್ ಬಂದಿದ್ದವು. ಇದಾದ ಮೇಲೆ 2006ರಲ್ಲಿ ಆಬ್ಲಿವಿಯನ್, 2011ರಲ್ಲಿ ಸ್ಕೈರಿಮ್. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸ್ಕೈರಿಮ್ ಆಡಿ ಆಮೇಲೆ ಹಿಂದಕ್ಕೆ ಬಂದವರು ಎಂದು ಕೈ ಎತ್ತಿದ್ದರಿಂದ ಗೊತ್ತಾಯಿತು. ಹಾಗಾದರೆ ನನ್ನ ಕೆಲಸ ಸುಲಭ. ಸ್ಕೈರಿಮ್‌ನಲ್ಲಿ ಮಾಂತ್ರಿಕರ ಕಾಲೇಜಿಗೆ ಸೇರಿ, ಒಂದೆರಡು ಸಣ್ಣ ಮಂತ್ರ ಹಾಕಿ, ಉಳಿದಿದ್ದೆಲ್ಲ ಕೊಡಲಿಯಿಂದಲೇ ಮುಗಿಸಿ, ಕೊನೆಗೆ ಆ ಕಾಲೇಜಿನ ಮುಖ್ಯಸ್ಥರಾಗಬಹುದು. ನಿಮ್ಮಲ್ಲಿ ಎಷ್ಟೋ ಜನ ಹಾಗೆ ಆಗಿದ್ದೀರಿ, ಅಲ್ವಾ? ಮಾರೋವಿಂಡ್ ಅದಕ್ಕೆ ಒಪ್ಪುವುದಿಲ್ಲ.

ಇಲ್ಲಿ ಪ್ರತಿ ಫ್ಯಾಕ್ಷನ್‌ಗೂ, ಅಂದರೆ ನೀವು ಸೇರಬಹುದಾದ ಪ್ರತಿ ಮನೆತನಕ್ಕೂ ಸಂಘಕ್ಕೂ, ತನ್ನದೇ ಆದ ಎರಡು ಗುಣ, ಆರು ಸ್ಕಿಲ್ ಇವೆ. ಗುಣ ಅಂದರೆ ಸ್ಟ್ರೆಂತ್, ಇಂಟೆಲಿಜೆನ್ಸ್, ಎಂಡ್ಯೂರೆನ್ಸ್ ಇಂಥವು, ಒಟ್ಟು 8. ಸ್ಕಿಲ್ ಅಂದರೆ ಕತ್ತಿ ಬೀಸುವುದು, ಬೀಗ ತೆಗೆಯುವುದು ಇಂಥ ಪಳಗಬೇಕಾದ ಕೆಲಸಗಳು, ಒಟ್ಟು 27. ಮೇಲಿನ ಪದವಿ ಬೇಕಾದರೆ ಆ ಎರಡು ಗುಣ ಒಂದು ಮಟ್ಟಕ್ಕೆ ಬಂದಿರಬೇಕು. ಆರು ಸ್ಕಿಲ್‌ಗಳಲ್ಲಿ ಒಂದರಲ್ಲಿ ನೀವು ತುಂಬಾ ಪಳಗಿರಬೇಕು, ಇನ್ನೆರಡರಲ್ಲಿ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಅದರ ಜೊತೆಗೆ ಕೆಲಸ ಮಾಡಿ ಗಳಿಸಿದ ಹೆಸರೂ ಬೇಕು. ಹೆಸರು ಎಷ್ಟೇ ಇರಲಿ, ಸ್ಕಿಲ್ ಇಲ್ಲದಿದ್ದರೆ ಮೆಟ್ಟಿಲು ಹತ್ತಲು ಬಿಡುವುದಿಲ್ಲ.

ಹಾಗಾಗಿ ಬಿಲ್ಡ್ (ಪಾತ್ರಕ್ಕೆ ನಾವು ಆರಿಸುವ ಗುಣ, ಸ್ಕಿಲ್‌ಗಳು) ಬೇರೆ, ಫ್ಯಾಕ್ಷನ್ ಬೇರೆ ಎಂದು ಯೋಚಿಸಿದರೆ ಈ ಗೇಮ್‌ನಲ್ಲಿ ದಾರಿ ತಪ್ಪುತ್ತದೆ. ಮೊದಲು ಪಾತ್ರ ಮಾಡಿಕೊಳ್ಳೋಣ, ಯಾರ ಜೊತೆ ಸೇರುವುದು ಅಂತ ಆಮೇಲೆ ನೋಡೋಣ ಎನ್ನುವವರೇ ಜಾಸ್ತಿ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಯಾರ ಮನೆ ಸೇರಬೇಕು ಎಂದು ಮೊದಲು ತೀರ್ಮಾನ ಮಾಡಿ. ಆ ಮನೆ ಯಾವ ಸ್ಕಿಲ್ ಕೇಳುತ್ತದೆ ಎಂದು ನೋಡಿ. ಅದಕ್ಕೆ ತಕ್ಕ ಹಾಗೆ ಪಾತ್ರ ಕಟ್ಟಿ.

ಈ ಗೇಮ್ ನಡೆಯುವ ವಾರ್ಡನ್‌ಫೆಲ್ ದ್ವೀಪದಲ್ಲಿ ನೀವು ಸೇರಬಹುದಾದ ದೊಡ್ಡ ಮನೆತನಗಳು ಮೂರು: ಹ್ಲಾಲು, ರೆಡೊರಾನ್, ಟೆಲ್ವಾನಿ. ಒಂದಕ್ಕೆ ಸೇರಿದರೆ ಉಳಿದ ಎರಡರ ಬಾಗಿಲು ಮುಚ್ಚಿತು. ಗಿಲ್ಡ್‌ಗಳ, ಅಂದರೆ ಕಸುಬಿನ ಸಂಘಗಳ, ವಿಷಯ ಹಾಗಲ್ಲ. ಫೈಟರ್ಸ್ ಗಿಲ್ಡ್, ಮೇಜಸ್ ಗಿಲ್ಡ್, ಥೀವ್ಸ್ ಗಿಲ್ಡ್, ಆ ನಾಡನ್ನು ಆಳುವ ಸಾಮ್ರಾಜ್ಯದ ಸೈನ್ಯವಾದ ಲೀಜನ್, ಟ್ರಿಬ್ಯೂನಲ್ ದೇವಾಲಯ, ಇವುಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಸೇರಬಹುದು. ಆದರೆ ಮನೆತನ ಒಂದೇ. ಅದಕ್ಕೇ ಇವತ್ತು ಮನೆತನಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ರೆಡೊರಾನ್ ಪಟ್ಟಿಯನ್ನು ಓದುತ್ತೇನೆ, ಕೇಳಿ. ಗುಣಗಳು ಎಂಡ್ಯೂರೆನ್ಸ್ ಮತ್ತು ಸ್ಟ್ರೆಂತ್. ಸ್ಕಿಲ್‌ಗಳು ಅಥ್ಲೆಟಿಕ್ಸ್, ಸ್ಪಿಯರ್, ಲಾಂಗ್ ಬ್ಲೇಡ್, ಹೆವಿ ಆರ್ಮರ್, ಮೀಡಿಯಂ ಆರ್ಮರ್, ಆರ್ಮರರ್. ಅಂದರೆ ದೂರ ಓಡಬೇಕು, ಈಟಿ ಅಥವಾ ಉದ್ದ ಕತ್ತಿ ಹಿಡಿಯಬೇಕು, ಭಾರದ ಕವಚ ತೊಡಬೇಕು, ಆ ಕವಚ ಜಜ್ಜಿಹೋದರೆ ನೀವೇ ಸರಿ ಮಾಡಿಕೊಳ್ಳಬೇಕು. ಮಂತ್ರ ಒಂದೂ ಇಲ್ಲ. ಮಾತುಗಾರಿಕೆ ಇಲ್ಲ. ಕದ್ದು ನಡೆಯುವುದು ಇಲ್ಲವೇ ಇಲ್ಲ. ಆ ಮನೆತನದ ಚಿತ್ರ ಈ ಪಟ್ಟಿಯಲ್ಲೇ ಸಿಕ್ಕಿಬಿಟ್ಟಿತಲ್ಲ? ಆಲ್ಡ್‌ರೂನ್‌ನಲ್ಲಿ ಅವರ ಮುಖಂಡರು ಇರುವುದು ಸ್ಕಾರ್ ಎಂಬ ಜಾಗದಲ್ಲಿ. ಅದು ಎಂದೋ ಸತ್ತ ಒಂದು ದೈತ್ಯ ಏಡಿಯ ಚಿಪ್ಪು. ಸುತ್ತ ಬೂದಿಯ ಬಿರುಗಾಳಿ ಬೀಸುತ್ತದೆ. ಅಂಥ ಕಡೆ ಬದುಕುವವರು ತಾಳ್ಮೆಯನ್ನೇ ದೊಡ್ಡ ಗುಣ ಎಂದುಕೊಂಡರೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಈ ಗೇಮ್‌ನಲ್ಲಿ ಪ್ರತಿ ಸ್ಕಿಲ್ ಕೂಡ ಒಂದು ಗುಣದ ಕೆಳಗೆ ಬರುತ್ತದೆ. ರೆಡೊರಾನ್ ಕೇಳುವ ಆರರಲ್ಲಿ ಸ್ಪಿಯರ್, ಹೆವಿ ಆರ್ಮರ್, ಮೀಡಿಯಂ ಆರ್ಮರ್ ಮೂರೂ ಎಂಡ್ಯೂರೆನ್ಸ್ ಕೆಳಗೆ ಬರುತ್ತವೆ. ಎಂಡ್ಯೂರೆನ್ಸ್ ಅಂದರೆ ಪೆಟ್ಟು ತಡೆದುಕೊಳ್ಳುವ ಶಕ್ತಿ. ಲೆವೆಲ್ ಏರಿದಾಗೆಲ್ಲ ನಿಮ್ಮ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ ಆರೋಗ್ಯಕ್ಕೆ ಸೇರುತ್ತದೆ. ರೆಡೊರಾನ್ ಹೇಳಿದಂತೆ ಬದುಕಿದವರು ತಾವಾಗಿಯೇ ಗಟ್ಟಿಯಾಗುತ್ತಾರೆ. ಮನೆತನದ ನಂಬಿಕೆ ಆಟದ ಲೆಕ್ಕದೊಳಗೆ ಇಷ್ಟು ಚೆನ್ನಾಗಿ ಕೂತಿರುವುದನ್ನು ನಾನು ಬೇರೆ ಕಡೆ ಅಷ್ಟಾಗಿ ಕಂಡಿಲ್ಲ.

ಟೆಲ್ವಾನಿ ಇದಕ್ಕೆ ಪೂರ್ತಿ ವಿರುದ್ಧ. ಗುಣಗಳು ಇಂಟೆಲಿಜೆನ್ಸ್ ಮತ್ತು ವಿಲ್‌ಪವರ್. ಸ್ಕಿಲ್‌ಗಳು ಮಿಸ್ಟಿಸಿಸಂ, ಕಾಂಜುರೇಷನ್, ಇಲ್ಯೂಷನ್, ಆಲ್ಟರೇಷನ್, ಡಿಸ್ಟ್ರಕ್ಷನ್, ಎನ್‌ಚಾಂಟ್. ಆರಕ್ಕೆ ಆರೂ ಮಂತ್ರವಿದ್ಯೆ. ಇವರು ದೈತ್ಯ ಅಣಬೆಗಳನ್ನು ಬೆಳೆಸಿ ಅದರೊಳಗೆ ಗೋಪುರ ಮಾಡಿಕೊಂಡು ಇರುತ್ತಾರೆ. ಒಡೆಯನ ಕೋಣೆ ಇರುವುದು ತುತ್ತತುದಿಯಲ್ಲಿ. ಅಲ್ಲಿಗೆ ಮೆಟ್ಟಿಲೇ ಇಲ್ಲ! ಗಾಳಿಯಲ್ಲಿ ತೇಲುವ ಲೆವಿಟೇಷನ್ ಮಂತ್ರ ಬರಬೇಕು, ಇಲ್ಲವೇ ಅದರ ಔಷಧ ಕುಡಿದಿರಬೇಕು. ಮೊದಲ ಸಲ ಹೋದಾಗ ನಾನು ಕೆಳಗೆ ನಿಂತು ಮೇಲೆ ನೋಡುತ್ತಾ ಬಹಳ ಹೊತ್ತು ದಾರಿ ಹುಡುಕಿದ್ದೆ. ನಮ್ಮನ್ನು ನೋಡಬೇಕಾದರೆ ಮಂತ್ರ ಕಲಿತು ಬಾ ಎಂದು ಆ ಕಟ್ಟಡವೇ ಹೇಳುತ್ತಿತ್ತು. ಒಂದು ಸಾಲಿನ ಮಾತಿಲ್ಲದೆ ಒಂದು ಜನರ ಅಹಂಕಾರವನ್ನು ತೋರಿಸುವುದು ಎಂದರೆ ಇದು.

ಟೆಲ್ವಾನಿಗಳಲ್ಲಿ ಬಲ ಇದ್ದವನದೇ ಮಾತು. ಪ್ರತಿ ಮುಖಂಡನ ಪರವಾಗಿ ಸಾದ್ರಿತ್ ಮೋರಾ ಎಂಬ ಊರಿನಲ್ಲಿ ಒಬ್ಬ ಪ್ರತಿನಿಧಿ ಇರುತ್ತಾನೆ. ಆ ಹುದ್ದೆಯ ಹೆಸರೇ ‘ಮೌತ್’, ಅಂದರೆ ಬಾಯಿ. ಸ್ವಲ್ಪ ಮೇಲೆ ಬಂದ ಮೇಲೆ ನೀವೂ ಒಬ್ಬರ ಬಾಯಿಯಾಗುತ್ತೀರಿ. ಕೊನೆಯ ಪದವಿ ಬೇಕಾದರೆ ಆರ್ಚ್‌ಮ್ಯಾಜಿಸ್ಟರ್ ಗೋಥ್ರೆನ್‌ನನ್ನು ಕೊಂದು ಅವನ ಜಾಗಕ್ಕೆ ಹೋಗಬೇಕು. ಅದನ್ನು ಅಲ್ಲಿ ಯಾರೂ ತಪ್ಪು ಎನ್ನುವುದಿಲ್ಲ.

ಇನ್ನು ಹ್ಲಾಲು. ಗುಣಗಳು ಸ್ಪೀಡ್, ಅಜಿಲಿಟಿ. ಸ್ಕಿಲ್‌ಗಳು ಸ್ಪೀಚ್‌ಕ್ರಾಫ್ಟ್, ಮರ್ಕೆಂಟೈಲ್, ಮಾರ್ಕ್ಸ್‌ಮನ್, ಶಾರ್ಟ್ ಬ್ಲೇಡ್, ಲೈಟ್ ಆರ್ಮರ್, ಸೆಕ್ಯೂರಿಟಿ. ಮಾತು, ವ್ಯಾಪಾರ, ಬಿಲ್ಲು, ಚೂರಿ, ಬೀಗ. ಗಾಳಿ ಬಂದಾಗ ತೂರಿಕೊಳ್ಳುವ ಜನ. ಸಾಮ್ರಾಜ್ಯದ ಜೊತೆ ಕೈಜೋಡಿಸಿ ಶ್ರೀಮಂತರಾದವರು. ನಾನು ಆವತ್ತು ರೆಡೊರಾನ್ ಬಾಗಿಲಿಗೆ ಕರೆದುಕೊಂಡು ಹೋಗಿದ್ದ ಪಾತ್ರ ನಿಜವಾಗಿ ಹ್ಲಾಲು ಮನೆಯ ಮಗಳು. ಬಾಲ್ಮೊರಾ ಎಂಬ ಊರಿನಲ್ಲಿ ಅವರ ಕಚೇರಿ ಮುಂದೆಯೇ ಎಷ್ಟೋ ಸಲ ಓಡಾಡಿದ್ದೆ, ಒಳಗೆ ಹೋಗಿರಲಿಲ್ಲ.

ಮೂರೂ ಮನೆಗಳು ಹೊಸಬರಿಗೆ ಮೊದಮೊದಲು ಕೊಡುವ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹ್ಲಾಲುಗಳು ರೆಡೊರಾನ್ ಕಾವಲುಗಾರನ ವೇಷ ಹಾಕಿಸಿ, ಸುಳ್ಳು ಹೇಳಿ ಕಾಗದ ಪತ್ರ ತಂದುಕೊಡು ಎನ್ನುತ್ತಾರೆ. ಟೆಲ್ವಾನಿಗಳು ಥೆರಾನಾ ಎಂಬ ಒಡತಿಗೆ ಹೊಸ ಬಟ್ಟೆ ತಲುಪಿಸಿ ಬಾ ಎನ್ನುತ್ತಾರೆ. ರೆಡೊರಾನ್‌ಗಳು ದೂರದ ಹೊರಠಾಣೆಗೆ ಔಷಧ ಮುಟ್ಟಿಸು ಎನ್ನುತ್ತಾರೆ. ಒಬ್ಬರಿಗೆ ನಿಮ್ಮ ಚುರುಕುತನ ಬೇಕು, ಒಬ್ಬರಿಗೆ ವಿಧೇಯತೆ ಬೇಕು, ಒಬ್ಬರಿಗೆ ನಂಬಿಕೆ ಬೇಕು.

ಈಗ ಲೆಕ್ಕಕ್ಕೆ ಬರೋಣ. ಇದು ಗೊತ್ತಿಲ್ಲದೇ ಬಹಳ ಜನ ಈ ಗೇಮ್ ಅನ್ನು ಮೊದಲ ಗಂಟೆಯಲ್ಲೇ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಕತ್ತಿ ಬೀಸಿದರೆ ಎದುರಾಳಿಯ ಮೈ ಮೇಲೇ ಬೀಳುತ್ತದೆ, ಆದರೂ ತಾಗುವುದಿಲ್ಲ. ಇದೇ ದೂರು, ಅಲ್ವಾ? ಕಾರಣ ಇದೆ. ಮಾರೋವಿಂಡ್‌ನಲ್ಲಿ ಪ್ರತಿ ಏಟೂ ದಾಳ ಉರುಳಿಸಿದ ಹಾಗೆ. ನಿಮ್ಮ ಆಯುಧದ ಸ್ಕಿಲ್ ತಗೊಳ್ಳಿ. ಅದಕ್ಕೆ ಅಜಿಲಿಟಿಯ ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಸೇರಿಸಿ. ಬಂದ ಮೊತ್ತವನ್ನು ನಿಮ್ಮ ದಣಿವು ಏರಿಸುತ್ತದೆ ಅಥವಾ ಇಳಿಸುತ್ತದೆ. ಪೂರ್ತಿ ಚೈತನ್ಯ ಇದ್ದರೆ 1.25ರಿಂದ ಗುಣಿಸಿ, ಪೂರ್ತಿ ಸುಸ್ತಾಗಿದ್ದರೆ 0.75ರಿಂದ. ಕೊನೆಗೆ ಎದುರಾಳಿ ತಪ್ಪಿಸಿಕೊಳ್ಳುವ ಅಂಕವನ್ನು ಕಳೆಯಿರಿ.

ಒಂದು ಉದಾಹರಣೆ. ನಿಮ್ಮ ಅಜಿಲಿಟಿ 40, ಲಕ್ 40. ಎದುರಾಳಿಗೂ ಅಷ್ಟೇ ಎಂದಿಟ್ಟುಕೊಳ್ಳಿ, ಅವನು ದಣಿದಿಲ್ಲ. ಅವನ ಅಜಿಲಿಟಿ, ಲಕ್, ದಣಿವಿನಿಂದ ಇದೇ ಲೆಕ್ಕದಲ್ಲಿ ಅವನ ಅಂಕ 15 ಆಗುತ್ತದೆ. ನಿಮ್ಮ ಲಾಂಗ್ ಬ್ಲೇಡ್ 50 ಇದ್ದರೆ ನೂರಕ್ಕೆ ಸುಮಾರು 62 ಏಟು ತಾಗುತ್ತವೆ. ಅದೇ ನೀವು ಊರಿಂದ ಓಡೋಡಿ ಬಂದು ಸುಸ್ತಾಗಿದ್ದರೆ 31. ಅರ್ಧಕ್ಕೆ ಅರ್ಧ ಹೋಯಿತು. ಇನ್ನು ಶಾರ್ಟ್ ಬ್ಲೇಡ್ ಕಲಿಯದೇ, ಸ್ಕಿಲ್ 5 ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕ ಚೂರಿ ಎತ್ತಿಕೊಂಡರೆ? ಚೈತನ್ಯ ಪೂರ್ತಿ ಇದ್ದಾಗ ನೂರಕ್ಕೆ ಆರು ಏಟು. ಸುಸ್ತಾಗಿದ್ದರೆ ಒಂದೂ ತಾಗುವುದಿಲ್ಲ. ಮೊದಲ ಊರು ಸೇಡಾ ನೀನ್‌ನಿಂದ ಹೊರಗೆ ಕಾಲಿಟ್ಟ ಹೊಸಬರಿಗೆ ಆಗುವುದು ಇದೇ. ಕೈಗೆ ಸಿಕ್ಕ ಆಯುಧ ಹಿಡಿಯುತ್ತಾರೆ, ಓಡುತ್ತಲೇ ಇರುತ್ತಾರೆ, ಒಂದು ಏಟೂ ತಾಗುವುದಿಲ್ಲ, ಗೇಮ್ ಕೆಟ್ಟದು ಎಂದು ಎದ್ದುಬಿಡುತ್ತಾರೆ.

ದಯವಿಟ್ಟು ಎರಡು ವಿಷಯ ನೆನಪಿಡಿ. ಆಯುಧ ಒಂದನ್ನೇ ಆರಿಸಿಕೊಳ್ಳಿ, ಅದು ಮೇಜರ್ ಸ್ಕಿಲ್ ಆಗಿರಲಿ. ಜಗಳಕ್ಕೆ ಮುಂಚೆ ಓಡಬೇಡಿ, ನಡೆಯಿರಿ. ಮಂತ್ರ ಹಾಕುವವರಿಗೂ ದಣಿವಿನ ಲೆಕ್ಕ ಇದೆ. ಸುಸ್ತಾಗಿದ್ದರೆ ಮಂತ್ರವೂ ತಪ್ಪುತ್ತದೆ.

ಪಾತ್ರ ಮಾಡುವಾಗ 5 ಮೇಜರ್, 5 ಮೈನರ್ ಸ್ಕಿಲ್ ಆರಿಸಬೇಕು. ಮೇಜರ್ 30ರಿಂದ ಶುರುವಾಗುತ್ತದೆ, ಮೈನರ್ 15ರಿಂದ, ಉಳಿದ 17 ಸ್ಕಿಲ್‌ಗಳು 5ರಿಂದ. ಜನಾಂಗದಿಂದ ಬರುವ ಅಂಕ ಇದರ ಮೇಲೆ ಸೇರುತ್ತದೆ. ಯುದ್ಧ, ಮಂತ್ರ, ಗುಟ್ಟಿನ ಕೆಲಸ ಈ ಮೂರರಲ್ಲಿ ಒಂದನ್ನು ಮುಖ್ಯ ಎಂದು ಆರಿಸಿದರೆ ಆ ಗುಂಪಿನ ಒಂಬತ್ತೂ ಸ್ಕಿಲ್‌ಗಳಿಗೆ 5 ಅಂಕ ಹೆಚ್ಚಿಗೆ ಸಿಗುತ್ತದೆ. ಸಿದ್ಧ ಕ್ಲಾಸ್‌ಗಳು 21 ಇವೆ. ಅವನ್ನು ಬಿಟ್ಟು ನಿಮ್ಮದೇ ಕ್ಲಾಸ್ ಮಾಡಿಕೊಳ್ಳಿ. ಮನೆತನದ ಆರು ಸ್ಕಿಲ್‌ಗಳಲ್ಲಿ ಮೂರನ್ನಾದರೂ ಮೇಜರ್‌ಗೆ ಹಾಕಿ. ಉಳಿದಿದ್ದು ನಿಮ್ಮಿಷ್ಟ.

ಮೇಜರ್ ಮತ್ತು ಮೈನರ್ ಸ್ಕಿಲ್‌ಗಳು ಸೇರಿ ಹತ್ತು ಸಲ ಏರಿದರೆ ಒಂದು ಲೆವೆಲ್. ಆಗ ಮೂರು ಗುಣಗಳನ್ನು ಏರಿಸಿಕೊಳ್ಳಬಹುದು. ಒಂದೊಂದು ಎಷ್ಟು ಏರುತ್ತದೆ ಎನ್ನುವುದು ಆ ಲೆವೆಲ್‌ನಲ್ಲಿ ನೀವು ಯಾವ ಸ್ಕಿಲ್ ಬಳಸಿದಿರಿ ಎನ್ನುವುದರ ಮೇಲೆ ನಿಂತಿದೆ. ಒಂದು ಗುಣದ ಕೆಳಗಿನ ಸ್ಕಿಲ್‌ಗಳು ಹತ್ತು ಸಲ ಏರಿದ್ದರೆ ಆ ಗುಣ 5 ಅಂಕ ಏರುತ್ತದೆ. ಒಂದೂ ಏರಿಲ್ಲದಿದ್ದರೆ 1 ಅಂಕ. ಇದನ್ನು ತಿಳಿದವರು ಪೆನ್ನು ಪುಸ್ತಕ ಇಟ್ಟುಕೊಂಡು ಪ್ರತಿ ಲೆವೆಲ್‌ಗೂ ಮೂರು ಐದುಗಳನ್ನು ತರಲು ಹೊರಡುತ್ತಾರೆ. ನಾನೂ ಒಂದು ಪಾತ್ರವನ್ನು ಪೂರ್ತಿ ಹಾಗೆ ಆಡಿದ್ದೇನೆ. ಲೆಕ್ಕ ಸರಿಯಾಗಿ ಬಂತು, ಆಡಿದ ಸಂತೋಷ ಬರಲಿಲ್ಲ. ಕಥೆ ನೆನಪಿಲ್ಲ, ಅಂಕಿಗಳು ನೆನಪಿವೆ. ಆದ್ದರಿಂದ ಎಲ್ಲದಕ್ಕೂ ಲೆಕ್ಕ ಇಡಬೇಡಿ ಎಂದೇ ಹೇಳುತ್ತೇನೆ.

ಎಂಡ್ಯೂರೆನ್ಸ್ ಒಂದಕ್ಕೆ ಮಾತ್ರ ಲೆಕ್ಕ ಇಡಿ. ಯಾಕೆಂದರೆ ಆರೋಗ್ಯ ಹಿಂದಿನಿಂದ ಸೇರುವುದಿಲ್ಲ. ಎಂಡ್ಯೂರೆನ್ಸ್ 40 ಇಟ್ಟುಕೊಂಡು ಇಪ್ಪತ್ತು ಲೆವೆಲ್ ಏರಿದರೆ ಸೇರುವ ಆರೋಗ್ಯ 80. ಎಂಡ್ಯೂರೆನ್ಸ್ 80 ಇದ್ದರೆ 160. ಇಪ್ಪತ್ತನೇ ಲೆವೆಲ್ ಆದ ಮೇಲೆ ನೀವು ಎಂಡ್ಯೂರೆನ್ಸ್ ಎಷ್ಟೇ ಏರಿಸಿದರೂ ಹಿಂದೆ ಕಳೆದುಕೊಂಡ ಆ 80 ವಾಪಸ್ ಬರುವುದಿಲ್ಲ. ಉಳಿದ ಗುಣಗಳು ತಡವಾಗಿ ಬಂದರೂ ಪರವಾಗಿಲ್ಲ. ಇದೊಂದು ಮೊದಲೇ ಬೇಕು.

ಮಂತ್ರವಾದಿಗಳಿಗೂ ಇದೇ ಮಾತು. ಟೆಲ್ವಾನಿ ಆಗಬೇಕು ಎನ್ನುವವರು ಎಂಡ್ಯೂರೆನ್ಸ್ ಮರೆತೇಬಿಡುತ್ತಾರೆ. ಆಮೇಲೆ ಒಂದೆರಡು ಏಟಿಗೆ ಬೀಳುತ್ತಾರೆ. ಟೆಲ್ವಾನಿಗೆ ನನ್ನ ಆಯ್ಕೆ ಬ್ರೆಟನ್ ಜನಾಂಗ, ಅಪ್ರೆಂಟಿಸ್ ಎಂಬ ಜನ್ಮ ನಕ್ಷತ್ರ. ಅಪ್ರೆಂಟಿಸ್ ನಕ್ಷತ್ರ ಮ್ಯಾಜಿಕಾವನ್ನು, ಅಂದರೆ ಮಂತ್ರ ಹಾಕಲು ಬೇಕಾದ ಶಕ್ತಿಯನ್ನು, ಬಹಳ ಹೆಚ್ಚಿಸುತ್ತದೆ, ಆದರೆ ಎದುರಾಳಿಯ ಮಂತ್ರಗಳಿಗೆ ನಿಮ್ಮನ್ನು ಶೇಕಡಾ 50ರಷ್ಟು ದುರ್ಬಲ ಮಾಡುತ್ತದೆ. ಬ್ರೆಟನ್‌ಗಳಿಗೆ ಹುಟ್ಟಿನಿಂದಲೇ ಶೇಕಡಾ 50 ತಡೆ ಇದೆ. ಎರಡೂ ಹೊಡೆದುಹೋಗುತ್ತವೆ. ಇಂಟೆಲಿಜೆನ್ಸ್ 60 ಇದ್ದರೆ ಮ್ಯಾಜಿಕಾ 180! ಶುರುವಿನಲ್ಲೇ ಇಷ್ಟು ಸಿಕ್ಕರೆ ಧಾರಾಳ. ಒಂದು ಎಚ್ಚರಿಕೆ: ಈ ಗೇಮ್‌ನಲ್ಲಿ ಮ್ಯಾಜಿಕಾ ಸುಮ್ನೆ ನಡೆದಾಡಿದರೆ ತುಂಬುವುದಿಲ್ಲ. ಮಲಗಿ ಏಳಬೇಕು, ಇಲ್ಲವೇ ಔಷಧ ಕುಡಿಯಬೇಕು.

ಔಷಧ ಅಂದಾಗ ಆಲ್ಕೆಮಿ ನೆನಪಾಯಿತು. ಇಂಟೆಲಿಜೆನ್ಸ್ ಹೆಚ್ಚಿಸುವ ಔಷಧ ಮಾಡಿ ಕುಡಿದು, ಆ ಹೆಚ್ಚಿದ ಇಂಟೆಲಿಜೆನ್ಸ್‌ನಿಂದ ಇನ್ನೂ ಬಲವಾದ ಔಷಧ ಮಾಡಿ, ಮತ್ತೆ ಕುಡಿದು, ಹೀಗೆ ಆಕಾಶ ಮುಟ್ಟಬಹುದು. ಎಲ್ಲರಿಗೂ ಗೊತ್ತಿರುವ ಗುಟ್ಟು. ನಾನು ಅದನ್ನು ಮಾಡುವುದಿಲ್ಲ. ಮಾಡಿದ ಮೇಲೆ ಇವತ್ತು ನಾನು ಹೇಳಿದ ಯಾವ ಆಯ್ಕೆಗೂ ಬೆಲೆ ಉಳಿಯುವುದಿಲ್ಲ.

ತರಬೇತಿ ಬಗ್ಗೆ ಒಂದೇ ಮಾತು. ದುಡ್ಡು ಕೊಟ್ಟು ಸ್ಕಿಲ್ ಕಲಿಯಬಹುದು. ಆದರೆ ಆ ಸ್ಕಿಲ್‌ನ ಗುಣ ಎಷ್ಟಿದೆಯೋ ಅಲ್ಲಿಯವರೆಗೆ ಮಾತ್ರ. ಎಂಡ್ಯೂರೆನ್ಸ್ 50 ಇದ್ದರೆ ಯಾವ ಗುರುವೂ ಸ್ಪಿಯರ್ ಅನ್ನು 50ರಿಂದ ಮುಂದೆ ಕಲಿಸುವುದಿಲ್ಲ.

ಇಲ್ಲಿ ಮುಂದಿನ ಸಾಲಿನ ಒಬ್ಬರು ಎದ್ದು ಕೇಳಿದರು: ಮನೆತನ ಒಂದೇ ಸರಿ, ಗಿಲ್ಡ್‌ಗಳಿಗೆ ಎಲ್ಲದಕ್ಕೂ ಸೇರಿಕೊಂಡರೆ ನಷ್ಟ ಏನು?

ಒಳ್ಳೆಯ ಪ್ರಶ್ನೆ. ಸೇರಬಹುದು. ಆದರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಆಗುವ ಕಡೆ ಒಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಥೆಯ ತಿರುವು ಮೊದಲೇ ಗೊತ್ತಾಗುವುದು ಬೇಡ ಎನ್ನುವವರು ಎರಡು ನಿಮಿಷ ಹೊರಗೆ ಹೋಗಿ ಬರಬಹುದು. ಓದುತ್ತಿರುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಬಾಲ್ಮೊರಾದ ಫೈಟರ್ಸ್ ಗಿಲ್ಡ್‌ನಲ್ಲಿ ಐಡಿಸ್ ಫೈರ್‌ಐ ಎಂಬಾಕೆ ಕೆಲಸ ಕೊಡುತ್ತಾಳೆ. ಮೊದಲು ಸಾಧಾರಣ ಕೆಲಸಗಳೇ. ಆಮೇಲೊಂದು ದಿನ, ಅದೇ ಊರಿನಲ್ಲಿ ಸೊಟಿಲ್ಡೆ ಎಂಬಾಕೆಯ ಹತ್ತಿರ ಒಂದು ಗುಪ್ತ ಸಂಕೇತಗಳ ಪುಸ್ತಕ ಇದೆ, ತಂದುಕೊಡು ಎನ್ನುತ್ತಾಳೆ. ಸೊಟಿಲ್ಡೆ ಥೀವ್ಸ್ ಗಿಲ್ಡ್‌ನವಳು. ಫೈಟರ್ಸ್ ಗಿಲ್ಡ್‌ಗೆ ಕಳ್ಳರ ಪುಸ್ತಕ ಯಾಕೆ? ಈ ಪ್ರಶ್ನೆ ಕೇಳದೇ ಹೋದವರು ಬಹಳ. ಗಿಲ್ಡ್‌ನ ಮುಖ್ಯಸ್ಥ ಶೋರಿಂಗ್ ಹಾರ್ಡ್‌ಹಾರ್ಟ್ ಕಮೋನಾ ಟಾಂಗ್ ಎಂಬ ಪಾತಕಿಗಳ ಗುಂಪಿಗೆ ಮಾರಿಕೊಂಡಿದ್ದಾನೆ. ಅವರ ದಾರಿಗೆ ಅಡ್ಡ ಬರುವ ಥೀವ್ಸ್ ಗಿಲ್ಡ್ ಅನ್ನು ಮುಗಿಸಲು ನಿಮ್ಮನ್ನು ಬಳಸುತ್ತಿದ್ದಾನೆ. ಕೊನೆಗೆ ಆ ಗಿಲ್ಡ್‌ನ ಮುಖಂಡರನ್ನೇ ಕೊಂದು ಬಾ ಎನ್ನುತ್ತಾನೆ.

ಇನ್ನೊಂದು ದಾರಿ ಇದೆ, ಆದರೆ ಅದನ್ನು ಗೇಮ್ ಎತ್ತಿ ತೋರಿಸುವುದಿಲ್ಲ. ಆಲ್ಡ್‌ರೂನ್‌ನ ಫೈಟರ್ಸ್ ಗಿಲ್ಡ್‌ನಲ್ಲಿ ಪರ್ಸಿಯಸ್ ಮರ್ಸಿಯಸ್ ಎಂಬಾತ ಇದ್ದಾನೆ. ಅವನಿಗೆ ಇದೆಲ್ಲ ಗೊತ್ತು. ಹೋಗಿ ಮಾತಾಡಿಸಿದರೆ ಶೋರಿಂಗ್‌ನನ್ನು ಇಳಿಸುವ ದಾರಿ ಹೇಳುತ್ತಾನೆ. ನಾನು ಮೊದಲ ಸಲ ಅವನ ಹತ್ತಿರ ಹೋಗಲೇ ಇಲ್ಲ. ಹೇಳಿದ್ದನ್ನು ಮಾಡಿಕೊಂಡು ಹೋದೆ. ಬಹಳ ತಡವಾಗಿ, ಆ ಜನರನ್ನು ಯಾಕೆ ಕೊಂದೆ ಎಂಬ ಪ್ರಶ್ನೆ ಬಂತು. ಅದು ಆಟದೊಳಗಿನ ತಪ್ಪೇ ಆದರೂ ಇವತ್ತಿಗೂ ನನಗೆ ಚುಚ್ಚುತ್ತದೆ.

ಮೇಜಸ್ ಗಿಲ್ಡ್ ಮತ್ತು ಟೆಲ್ವಾನಿಗಳ ನಡುವೆಯೂ ಹೀಗೇ. ಮೇಜಸ್ ಗಿಲ್ಡ್‌ನ ಮುಖ್ಯಸ್ಥ ಟ್ರೆಬೋನಿಯಸ್ ಒಂದು ಹಂತದಲ್ಲಿ ಟೆಲ್ವಾನಿ ಮುಖಂಡರನ್ನೆಲ್ಲ ಕೊಲ್ಲು ಎಂದು ಹೇಳಿಬಿಡುತ್ತಾನೆ. ನೀವು ಟೆಲ್ವಾನಿಯವರಾಗಿದ್ದರೆ? ಆ ಅಪ್ಪಣೆಯನ್ನು ಹಾಗೇ ಬಿಟ್ಟುಬಿಡಬಹುದು. ಅದೂ ಒಂದು ಆಯ್ಕೆಯೇ. ಆದರೂ ಟೆಲ್ವಾನಿ ಆಗುವವರು ಮೊದಮೊದಲು ಮೇಜಸ್ ಗಿಲ್ಡ್‌ಗೆ ಸೇರುವುದು ಒಳ್ಳೆಯದು ಎನ್ನುತ್ತೇನೆ. ಬಾಲ್ಮೊರಾದಲ್ಲಿ ಅಜಿರಾ ಎಂಬಾಕೆ ನಾಲ್ಕು ಬಗೆಯ ಅಣಬೆ ತಂದುಕೊಡು ಎಂದು ಕೇಳುತ್ತಾಳೆ. ಲೆವೆಲ್ ಒಂದರಲ್ಲೇ ಮಾಡಬಹುದಾದ, ನದಿಯ ದಂಡೆಯಲ್ಲಿ, ಕೆಸರಿನಲ್ಲಿ ಓಡಾಡಿಸುವ ಚೆಂದದ ಕೆಲಸ. ಗಿಲ್ಡ್‌ನಿಂದ ಗಿಲ್ಡ್‌ಗೆ ಮಂತ್ರದಿಂದಲೇ ಕಳಿಸುವ ಗೈಡ್‌ಗಳೂ ಸಿಗುತ್ತಾರೆ. ಬಾಲ್ಮೊರಾದಿಂದ ಸಾದ್ರಿತ್ ಮೋರಾಗೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗಬಹುದು.

ಗಿಲ್ಡ್‌ನವರನ್ನು ಹೊಡೆದರೆ, ಅವರ ವಸ್ತು ಕದ್ದು ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ. ಎರಡು ಸಲ ಕ್ಷಮೆ ಇದೆ. ಮೂರನೆಯ ಸಲ ಇಲ್ಲ.

ಈಗ ಸ್ವಲ್ಪ ಕಷ್ಟದ ವಿಷಯ. ಬಿಲ್ಡ್ ಬಗ್ಗೆ ಮಾತಾಡುವಾಗ ನಾವು ಇದನ್ನು ಬಿಟ್ಟುಬಿಡುತ್ತೇವೆ. ವಾರ್ಡನ್‌ಫೆಲ್‌ನಲ್ಲಿ ಗುಲಾಮಗಿರಿ ಇದೆ. ಗುಲಾಮರಲ್ಲಿ ಹೆಚ್ಚಿನವರು ಖಾಜೀಟ್ ಮತ್ತು ಆರ್ಗೋನಿಯನ್ ಜನಾಂಗದವರು. ಈ ಎರಡು ಜನಾಂಗಕ್ಕೆ ಬೂಟು ತೊಡಲು, ಮುಖ ಮುಚ್ಚುವ ಶಿರಸ್ತ್ರಾಣ ಹಾಕಲು ಆಗುವುದಿಲ್ಲ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅವರು ಆ ನಾಡಿನಲ್ಲಿ ಏನಾಗಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಆರ್ಗೋನಿಯನ್ ಪಾತ್ರ ಮಾಡಿಕೊಂಡು ಟೆಲ್ವಾನಿ ಸೇರಬಹುದು, ಮೇಲೂ ಏರಬಹುದು. ಆದರೆ ನಿಮ್ಮದೇ ಜನರನ್ನು ಪಂಜರದಲ್ಲಿಟ್ಟು ಮಾರುವ ಊರಿನಲ್ಲಿ ನೀವು ದೊಡ್ಡವರಾಗುತ್ತೀರಿ.

ಗುಲಾಮರನ್ನು ಗುಟ್ಟಾಗಿ ಬಿಡಿಸುವ ‘ಟ್ವಿನ್ ಲ್ಯಾಂಪ್ಸ್’ ಎಂಬ ಗುಂಪೂ ಇದೆ. ಹ್ಲಾಲು ಮನೆತನದ ಓರ್ವಾಸ್ ಡ್ರೆನ್ ಗುಲಾಮರನ್ನು ದುಡಿಸುವ ದೊಡ್ಡ ತೋಟದ ಮಾಲೀಕ, ಕಮೋನಾ ಟಾಂಗ್‌ನ ಯಜಮಾನನೂ ಅವನೇ. ಅವನ ಅಣ್ಣತಮ್ಮಂದಿರಲ್ಲೊಬ್ಬ ಆ ದ್ವೀಪದ ಡ್ಯೂಕ್. ಡ್ಯೂಕ್‌ನ ಮಗಳು ಇಲ್ಮೇನಿ ಡ್ರೆನ್ ಟ್ವಿನ್ ಲ್ಯಾಂಪ್ಸ್ ಕಡೆಯವಳು. ಒಂದೇ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡವನೂ ಇದ್ದಾನೆ, ಬಿಡಿಸುವವಳೂ ಇದ್ದಾಳೆ. ಹ್ಲಾಲು ಸೇರಿದವರು ಕೊನೆಯ ಪದವಿಗೆ ಬರುವ ಮುಂಚೆ ಓರ್ವಾಸ್‌ನನ್ನು ಎದುರಿಸಲೇಬೇಕು. ಕೊಲ್ಲಬಹುದು, ಇಲ್ಲವೇ ಮಾತಿನಿಂದ ಬಗ್ಗಿಸಬಹುದು. ಹ್ಲಾಲು ಯಾಕೆ ಸ್ಪೀಚ್‌ಕ್ರಾಫ್ಟ್ ಕೇಳುತ್ತಿತ್ತು ಎಂದು ಅಲ್ಲಿ ಗೊತ್ತಾಗುತ್ತದೆ. ರೆಡೊರಾನ್‌ನಲ್ಲಿ ಇದೇ ಹಂತಕ್ಕೆ ಬಂದವರು ಆರ್ಚ್‌ಮಾಸ್ಟರ್ ಬೋಲ್ವಿನ್ ವೆನಿಮ್‌ನನ್ನು ವಿವೆಕ್ ನಗರದ ಅಖಾಡದಲ್ಲಿ ಎದುರು ಬದುರು ನಿಂತು ಸೋಲಿಸಬೇಕು. ಅಲ್ಲಿ ಮಾತು ಕೆಲಸಕ್ಕೆ ಬರುವುದಿಲ್ಲ. ಕತ್ತಿ, ಕವಚ, ಅಷ್ಟು ದಿನ ಕೂಡಿಟ್ಟ ಆರೋಗ್ಯ, ಇಷ್ಟೇ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ನಾನು ಇದನ್ನು ಒಂದು ಸಲವೂ ಆಡಿಲ್ಲ, ಇವತ್ತು ರಾತ್ರಿ ಶುರು ಮಾಡುತ್ತೇನೆ, ಏನು ಮಾಡಲಿ?

ರೆಡ್‌ಗಾರ್ಡ್ ಜನಾಂಗ ತಗೊಳ್ಳಿ. ಎಂಡ್ಯೂರೆನ್ಸ್ 50ರಿಂದ ಶುರುವಾಗುತ್ತದೆ, ಲಾಂಗ್ ಬ್ಲೇಡ್‌ಗೆ 15 ಅಂಕ ಹುಟ್ಟಿನಿಂದ ಬರುತ್ತದೆ. ಯುದ್ಧವನ್ನು ಮುಖ್ಯ ಮಾಡಿಕೊಳ್ಳಿ. ಸ್ಟ್ರೆಂತ್ ಮತ್ತು ಎಂಡ್ಯೂರೆನ್ಸ್ ನಿಮ್ಮ ಮೆಚ್ಚಿನ ಗುಣಗಳಾಗಲಿ, ಎರಡಕ್ಕೂ 10 ಅಂಕ ಸೇರುತ್ತದೆ. ನಕ್ಷತ್ರ ‘ಲೇಡಿ’ ಇರಲಿ, ಅದು ಎಂಡ್ಯೂರೆನ್ಸ್‌ಗೂ ಪರ್ಸನಾಲಿಟಿಗೂ 25 ಕೊಡುತ್ತದೆ. ಎಂಡ್ಯೂರೆನ್ಸ್ 85ಕ್ಕೆ ಬಂತು. ಲಾಂಗ್ ಬ್ಲೇಡ್ ಮೇಜರ್‌ನಲ್ಲಿ ಇದ್ದರೆ 50. ಮೊದಲ ದಿನದಿಂದಲೇ ಏಟು ತಾಗುತ್ತದೆ. ಹೆವಿ ಆರ್ಮರ್, ಆರ್ಮರರ್ ಕೂಡ ಹಾಕಿಕೊಳ್ಳಿ. ಅಥ್ಲೆಟಿಕ್ಸ್ ಅನ್ನು ಮೇಜರ್, ಮೈನರ್ ಎರಡರಿಂದಲೂ ಹೊರಗಿಡಿ. ಓಡಾಡುತ್ತಾ ಅದು ತಾನಾಗಿಯೇ ಏರುತ್ತದೆ, ಮನೆತನ ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ, ಆದರೆ ಬರೀ ಓಡಿದ್ದಕ್ಕೇ ಲೆವೆಲ್ ಏರಿ ಎದುರಾಳಿಗಳು ಬಲವಾಗುವುದಿಲ್ಲ.

ಸೇಡಾ ನೀನ್‌ನಲ್ಲಿ ಸಿಲ್ಟ್ ಸ್ಟ್ರೈಡರ್ ಹತ್ತಿ. ಅದು ಉದ್ದ ಕಾಲುಗಳ ದೊಡ್ಡ ಹುಳು, ಅದರ ಬೆನ್ನ ಮೇಲೆ ಕೂತು ಹೋಗುವುದು. ಬಾಲ್ಮೊರಾದಲ್ಲಿ ಇಳಿದು ನಿಮ್ಮ ಹತ್ತಿರ ಇರುವ ಪೊಟ್ಟಣವನ್ನು ಕಾಯಸ್ ಕೊಸಾಡೆಸ್ ಎಂಬಾತನಿಗೆ ಕೊಡಿ. ಮುಖ್ಯ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಅದಕ್ಕೆ ಅವಸರ ಇಲ್ಲ. ಇನ್ನೊಂದು ಸ್ಟ್ರೈಡರ್ ಹಿಡಿದು ಆಲ್ಡ್‌ರೂನ್‌ಗೆ ಹೋಗಿ. ಬೂದಿಗಾಳಿ ಇದ್ದರೆ ಏಡಿ ಚಿಪ್ಪು ಕಾಣಲು ಸ್ವಲ್ಪ ಹುಡುಕಬೇಕಾಗುತ್ತದೆ. ಒಳಗೆ ಹೋಗಿ ನೆಮಿಂಡಾ ಎಂಬಾಕೆಯನ್ನು ಕೇಳಿ. ಮೊದಲು ಔಷಧದ ಕೆಲಸ ಕೊಡುತ್ತಾಳೆ. ಅದು ಮುಗಿಸಿ ಬಂದರೆ ಊರಾಚೆ ಡ್ರುಲೆನ್ ಫಾಲೆನ್ ಎಂಬ ಗ್ವಾರ್ ಎಂಬ ಸಾಕುಪ್ರಾಣಿ ಕಾಯುವವಳ ಮಂದೆಗೆ ಮಡ್‌ಕ್ರ್ಯಾಬ್ ಕಾಟ, ಹೋಗಿ ನೋಡು ಎನ್ನುತ್ತಾಳೆ. ಎರಡೇ ಎರಡು ಏಡಿ. ಓಡಬೇಡಿ, ನಡೆದುಕೊಂಡು ಹೋಗಿ.